ಚಾಕು, ಮಡಚುವುದು, ಒಂದು

ಮಿಲಿಟರಿ ಸ್ಟೋರಿನಲ್ಲಿ ಸಾಮಾನಿನ ಹೆಸರನ್ನು ಹಿಂದುಮುಂದು ಮಾಡಿ ಹೇಳುತ್ತಾರೆ. ಮಡಚುವ ಚಾಕು ಅನ್ನುವಂತಿಲ್ಲ. ಲೆಡ್ಜರಿನಲ್ಲಿ ಅದು ‘ನೈಫ್, ಕ್ಲಾಸ್ಪ್’. ಅಂದರೆ ‘ಚಾಕು, ಮಡಚುವುದು, ಒಂದು’. ಹದಿನೇಳು ವರ್ಷ ಇದೇ ಭಾಷೆ ಕಿವಿಗೆ ಬಿದ್ದು ಬಿದ್ದು, ಲಗ್ನವಾದ ಹೊಸದರಲ್ಲಿ ಹೆಂಡತಿಗೂ “ರೊಟ್ಟಿ, ಜೋಳದ್ದು, ಬಿಸಿ, ಎರಡು” ಅಂದುಬಿಟ್ಟಿದ್ದೆ. ಆಕೆ ಒಲೆಯ ಮುಂದಿನಿಂದಲೇ “ಪಲ್ಯ, ಬದನಿಕಾಯಿದು, ಮುಗದೈತಿ” ಅಂದಳು.

ನನ್ನ ಮೊದಲ ಚಾಕು ಮಾತ್ರ ಯಾವ ಲೆಡ್ಜರಿಗೂ ಸೇರಿದ್ದಲ್ಲ. 2001ರ ಜನವರಿ, ಕೊಪ್ಪಳದ ಗವಿಮಠದ ಜಾತ್ರೆ. ಭರ್ತಿಯಾಗಿ ಬೆಂಗಳೂರಿಗೆ ಹೊರಡಲು ಇನ್ನೊಂದು ವಾರವಿತ್ತು. ತೇರು ಎಳೆದ ಮರುದಿನ ಅಪ್ಪ ನನ್ನನ್ನು ಕಬ್ಬಿಣ ಸಾಮಾನಿನ ಅಂಗಡಿಗಳ ಸಾಲಿಗೆ ಕರೆದುಕೊಂಡು ಹೋದ. ಕುಡಗೋಲು, ಕುರ್ಚಿಗಿ, ಇಳಿಗಿಗಳ ನಡುವೆ ಕಟ್ಟಿಗೆ ಹಿಡಿಯ ಹತ್ತೆಂಟು ಮಡಚುವ ಚಾಕು. ಅಪ್ಪ ಎತ್ತಿನ ಹಲ್ಲು ನೋಡುವವನ ಹಾಗೆ ಒಂದೊಂದನ್ನೇ ಬಿಚ್ಚಿ, ಬಿಸಿಲಿಗೆ ಹಿಡಿದು, ಮುಂಗೈ ಕೂದಲ ಮೇಲೆ ಎಳೆದು ನೋಡಿದ. ಏಳನೆಯ ಚಾಕುವಿನ ಹೊತ್ತಿಗೆ ಅವನ ಎಡಗೈ ಕ್ಷೌರ ಮುಗಿದಿತ್ತು. ಅದನ್ನೇ ಕೊಂಡ.

ಕೊಂಡವನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟ. “ತಗೋ ತಮ್ಮಾ. ಚಾಕು ಕೈಯಾಗಿಂದ ಕೈಗೆ ಕೊಟ್ರ ಜಗಳ ಹತ್ತತೈತಿ.” ನಾನು ಮಿಲಿಟರಿಗೆ ಹೋಗುತ್ತೇನೆಂದ ದಿನದಿಂದ ಎರಡು ತಿಂಗಳು ನಾವಿಬ್ಬರೂ ಮಾತಾಡಿರಲಿಲ್ಲ, ಇನ್ನು ಹತ್ತುವುದಕ್ಕೆ ಯಾವ ಜಗಳ ಬಾಕಿ ಇತ್ತೋ. ಎತ್ತಿಕೊಂಡೆ. “ಹಣ್ಣಿಗೆ, ಹಗ್ಗಕ್ಕ ಅಷ್ಟ. ಉಳ್ಳಾಗಡ್ಡಿಗೆ ತಗೀಬ್ಯಾಡ, ಅದಕ್ಕ ದೇವ್ರು ಮುಷ್ಟಿ ಕೊಟ್ಟಾನ” ಅಂದ.

ಊರಲ್ಲಿ ಎಲ್ಲರೂ ‘ತಮ್ಮಾ’ ಅನ್ನುತ್ತಿದ್ದರು. ಟ್ರೇನಿಂಗಿನಲ್ಲಿ ‘ತಂಬಿ’ ಆದೆ. ಮೊದಲ ಒಂದು ವರ್ಷ ನನಗೆ ಸಿಕ್ಕ ಬಡ್ತಿ ಅಷ್ಟೇ.

ಮೊದಲ ಕಿಟ್ ಲೇಔಟಿನ ದಿನ ಮಂಚದ ಮೇಲೆ ಕಂಬಳಿ, ಮಗ್ಗು, ಮೆಸ್ ಟಿನ್ನು, ಬೂಟು ಎಲ್ಲ ದಾರ ಹಿಡಿದಂತೆ ಜೋಡಿಸಿದ್ದೆ. ಕೊನೆಗೆ, ಇದೂ ಇರಲಿ, ಶೋಭೆ ಎಂದು ಅಪ್ಪನ ಚಾಕುವನ್ನೂ ಇಟ್ಟೆ. ತರಬೇತಿ ಕೊಡುವ ಉಸ್ತಾದ್ ಅದರ ಮುಂದೆ ನಿಂತರು.

“ಯೇ ಕ್ಯಾ ಹೈ?”

“ಚಾಕೂ, ಉಸ್ತಾದ್.”

“ಕಿಸ್ ಲಿಯೇ?”

“ಹಣ್ಣಿಗೆ” ಅನ್ನುವುದಕ್ಕೆ ಹಿಂದಿ ಹೊಳೆಯದೆ, ಕೈಯಲ್ಲಿ ಕೊಯ್ಯುವ ಅಭಿನಯ ಮಾಡಿ ತೋರಿಸಿದೆ. ನನ್ನ ಗ್ರಹಚಾರಕ್ಕೆ ಕೈ ಹೋದದ್ದು ಕುತ್ತಿಗೆಯ ಎತ್ತರಕ್ಕೆ. ಶಿಕ್ಷೆ, ಇಪ್ಪತ್ತು ಫ್ರಂಟ್ ರೋಲ್. ಚಾಕುವಿಗೆ ಚೀಟಿ ಕಟ್ಟಿ ಸ್ಟೋರಿನಲ್ಲಿಟ್ಟರು; ಟ್ರೇನಿಂಗಿನ ಕೊನೆಗೆ ಪ್ರಮಾಣ ಮಾಡುವ ಕಸಂ ಪರೇಡ್ ಮುಗಿದ ಮೇಲೆ ನಾನೂ ಅದೂ ಒಟ್ಟಿಗೆ ಹೊರಬಂದೆವು.

ಯೂನಿಟ್ ಸೇರಿದ ಮೇಲೆ ಒಂದು ಸತ್ಯ ಗೊತ್ತಾಯಿತು: ಚಾಕು ಇದ್ದವನ ಹತ್ತಿರ ಚಾಕು ಇರುವುದಿಲ್ಲ. ಬ್ಯಾರಕ್ಕಿನಲ್ಲಿ ಒಬ್ಬನಲ್ಲಿ ಚಾಕು ಇದೆಯೆಂದು ಲಂಗರ್ ಗಪ್ಪಿನಲ್ಲಿ, ಅಂದರೆ ಅಡುಗೆಮನೆಯ ಹರಟೆಯಲ್ಲಿ, ಒಮ್ಮೆ ಸುದ್ದಿಯಾದರೆ ತೀರಿತು. ಒಬ್ಬನಿಗೆ ಊರಿಂದ ಬಂದ ಪಾರ್ಸೆಲ್ಲಿನ ಸುತ್ತಲಿ ಕೊಯ್ಯಬೇಕು, ಇನ್ನೊಬ್ಬನಿಗೆ ಬೂಟಿನ ಹಿಮ್ಮಡಿಯ ಕೆಸರು ಕೆರೆಯಬೇಕು, ಮತ್ತೊಬ್ಬನಿಗೆ ಟ್ರಂಕಿನ ಮೇಲೆ ಪ್ರೇಯಸಿಯ ಹೆಸರಿನ ಮೊದಲಕ್ಷರ ಕೊರೆಯಬೇಕು. ನನಗೆ ಬೇಕಾದಾಗ ಅದು ಎಲ್ಲಿದೆ ಎಂದು ಕೇಳುತ್ತ ಮೂರು ಬ್ಯಾರಕ್ ಸುತ್ತಬೇಕಿತ್ತು. ಸಿಕ್ಕಾಗ ಅದಕ್ಕೆ ಯಾರದೋ ಉಪ್ಪಿನಕಾಯಿ ಮೆತ್ತಿರುತ್ತಿತ್ತು.

ಅದಕ್ಕೇ ಒಂದು ಉಪಾಯ ಮಾಡಿದೆ. ಕೇಳಿದವರಿಗೆ ಕೊಡಲಿಕ್ಕೆಂದೇ ಬೇರೊಂದು ಚಾಕು ಕೊಳ್ಳುವುದು! ದಿಲ್ಲಿಯ ಫುಟ್‌ಪಾತಿನಲ್ಲಿ ಕೆಂಪು ಹಿಡಿಯ, ಹದಿನಾಲ್ಕು ಅಲಗಿನ ‘ಸ್ವಿಸ್ ಆರ್ಮಿ’ ಚಾಕು ಕಂಡಿತು. ಮುನ್ನೂರು ಎಂದವನು ನೂರಿಪ್ಪತ್ತಕ್ಕೆ ಇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು. ಸ್ವಿಟ್ಜರ್ಲೆಂಡಿನ ಹಿಮ ಕಾಣದ ಚಾಕು ಅದು, ಕರೋಲ್‌ಬಾಗಿನ ಧೂಳು ಕುಡಿದು ಬೆಳೆದದ್ದು.

ಅದರಲ್ಲೊಂದು ತಿರುಪಿನ ಮೊಳೆಯಂಥದ್ದಿತ್ತು, ಬಾಟಲಿಯ ಬಿರಡೆ ಎಳೆಯುವುದಕ್ಕೆ. ನಮ್ಮ ಕ್ಯಾಂಟೀನಿನ ರಮ್ಮಿಗೆ ಇರುವುದು ತಿರುಗಿಸಿ ತೆಗೆಯುವ ಮುಚ್ಚಳ. ಯಾವ ಯುದ್ಧಕ್ಕೆ ಬೇಕು ಇದು ಎಂದು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಓದಿ ತಿಳಿಯಿತು. ಕಾರ್ಲ್ ಎಲ್ಸೆನರ್ ಎಂಬ ಚಾಕು ಕಸುಬಿನವನು 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಕೊಟ್ಟ ಚಾಕುವಿನಲ್ಲಿ ಇದ್ದದ್ದು ಅಲಗು, ಡಬ್ಬಿ ತೆಗೆಯುವುದು, ರಂಧ್ರ ಕೊರೆಯುವುದು, ಬಂದೂಕು ಬಿಚ್ಚುವ ಸ್ಕ್ರೂಡ್ರೈವರ್ ಅಷ್ಟೇ. ಬಿರಡೆ ಎಳೆಯುವ ತಿರುಪು ಬಂದದ್ದು 1897ರಲ್ಲಿ, ‘ಆಫೀಸರ ಚಾಕು’ವಿನಲ್ಲಿ. ಅದನ್ನು ಸರ್ಕಾರ ಕೊಡುತ್ತಿರಲಿಲ್ಲ, ಆಫೀಸರುಗಳು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಸಿಪಾಯಿಗೆ ಡಬ್ಬಿ, ಸಾಹೇಬರಿಗೆ ಬಾಟಲಿ. ಸಾವಿರಾರು ಮೈಲಿ ಆಚೆಯ ಸೈನ್ಯ ಒಮ್ಮೆಲೇ ನಮ್ಮದೇ ಅನ್ನಿಸಿತು.

ಕೆಂಪು ಚಾಕುವನ್ನು ಮೊದಲ ದಿನ ನಾಲ್ವರು ಒಯ್ದರು. ಎರಡನೆಯ ದಿನ ಯಾರೂ ಕೇಳಲಿಲ್ಲ. ಬಿಚ್ಚಿದರೆ ಮೂರು ಅಲಗು ಒಟ್ಟಿಗೆ ಹೊರಬರುತ್ತಿದ್ದವು, ಮಡಚಿದರೆ ಒಂದೂ ಒಳಗೆ ಹೋಗುತ್ತಿರಲಿಲ್ಲ. ಎಲ್ಲರೂ ಮತ್ತೆ ಅಪ್ಪನ ಚಾಕುವನ್ನೇ ಹುಡುಕಿಕೊಂಡು ಬಂದರು.

ಸಿಕ್ಕಿಂನಲ್ಲಿದ್ದಾಗ ಒಂದು ಸಂಜೆ ಕಂಡೆನ್ಸ್‌ಡ್ ಹಾಲಿನ ಡಬ್ಬಿ ತೆಗೆಯಬೇಕಿತ್ತು. ಕೈಗವುಸು ಹಾಕಿಕೊಂಡರೆ ಅಲಗಿನಲ್ಲಿ ಉಗುರು ಸಿಕ್ಕಿಸಿ ಎಳೆಯುವ ಗೀರು ಸಿಗುವುದಿಲ್ಲ, ಬಿಚ್ಚಿದರೆ ಬೆರಳು ನಮ್ಮದೆನ್ನುವ ಖಬರಿರುವುದಿಲ್ಲ. ಕೆಂಪು ಚಾಕುವಿನ ಡಬ್ಬಿ ತೆಗೆಯುವ ಅಲಗು ಡಬ್ಬಿಗೆ ತಾಗಿದ್ದೇ ತಡ, ನಮಸ್ಕಾರ ಮಾಡಿದಂತೆ ಬಾಗಿತು. ಅಪ್ಪನ ಚಾಕು ತೆಗೆದು ಮೊನೆಯಿಂದ ಕುಕ್ಕಿದೆ. ಆ ಜಾತಿಯ ಚಾಕುವಿಗೆ ಬೆನ್ನಿಗೊಂದು ಸ್ಪ್ರಿಂಗ್ ಪಟ್ಟಿ ಬಿಟ್ಟರೆ ಲಾಕು ಗೀಕು ಇಲ್ಲ. ಕುಕ್ಕಿದರೆ ಅದು ಮಡಚಿಕೊಳ್ಳುತ್ತದೆ, ಮಡಚುವ ದಾರಿಯಲ್ಲಿ ಬೆರಳಿರುತ್ತದೆ. ಫ್ರಾನ್ಸಿನ ಓಪಿನೆಲ್ ಚಾಕುವಿಗೆ 1955ರಲ್ಲೇ ಕುತ್ತಿಗೆಗೆ ತಿರುಗುವ ಉಂಗುರ ಹಾಕಿ ಈ ಸಮಸ್ಯೆ ಬಗೆಹರಿಸಿದ್ದಾರಂತೆ. ಸುದ್ದಿ ಕೊಪ್ಪಳದ ಜಾತ್ರೆಗೆ ತಲುಪಿರಲಿಲ್ಲ.

ಮೂರು ಹೊಲಿಗೆ. ಹೊಲಿಗೆ ಹಾಕಿದವನು ಕೇರಳದ ನರ್ಸಿಂಗ್ ಅಸಿಸ್ಟೆಂಟ್. ಗಾಯ ಹೇಗಾಯಿತೆಂದು ಬರೆದುಕೊಳ್ಳುತ್ತ ಪೆನ್ನು ನಿಲ್ಲಿಸಿದ. ಗಡಿ ಅಲ್ಲಿಂದ ಹೆಚ್ಚು ದೂರವಿರಲಿಲ್ಲ. ನನಗೂ ಏನಾದರೂ ಗೌರವದ ಕಾರಣ ಹೇಳುವ ಆಸೆಯಿತ್ತು. “ಹಾಲು, ಡಬ್ಬಿಯದು, ಸಿಹಿ” ಅಂದೆ.

ಆ ಚಾಕು ನನ್ನ ಕೈಬಿಟ್ಟದ್ದು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ. ರಜೆಗೆ ಬರುತ್ತಿದ್ದೆ, ಗುಂತಕಲ್ಲಿನಲ್ಲಿ ಇಳಿದು ಗಾಡಿ ಬದಲಿಸಬೇಕು. ಕಲಬುರಗಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಎದುರು ಕೂತು ನನ್ನ ತಲೆಗೂದಲು, ಟ್ರಂಕು ಎರಡನ್ನೂ ನೋಡಿ, “ಮಿಲಿಟ್ರ್ಯಾಂವ ಅದಿ. ಚಾಕು ಇರಬೇಕಲ್ಲೋ ತಮ್ಮಾ?” ಎಂದಳು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಸವತಿಕಾಯಿ ಹೆಚ್ಚಿ, ಉಪ್ಪು ಖಾರ ಹಚ್ಚಿ ಇಡೀ ಬೋಗಿಗೆ ಹಂಚಿದಳು. ನನಗೆ ಎರಡು ಹೋಳು ಹೆಚ್ಚು. ಯಾದಗಿರಿ ದಾಟಿತು, ಕಣ್ಣಿಗೆ ಜೋಂಪು ಹತ್ತಿತು. ರಾಯಚೂರಿನಲ್ಲಿ ಅಜ್ಜಿ ಇಳಿದದ್ದು ಅರೆನಿದ್ದೆಯಲ್ಲಿ ಗೊತ್ತಾಯಿತು. ಚಾಕುವೂ ಇಳಿದದ್ದು ಗೊತ್ತಾದಾಗ ಗಾಡಿ ತುಂಗಭದ್ರಾ ದಾಟಿತ್ತು. ಸೀಟಿನ ಮೂಲೆಯಲ್ಲಿ ಅಜ್ಜಿಯದೊಂದು ಗಂಟು ಉಳಿದಿತ್ತು: ಖಡಕ್ ರೊಟ್ಟಿ ಆರು, ಶೇಂಗಾ ಹಿಂಡಿ ಒಂದು ಪೊಟ್ಟಣ. ಹಿಂಡಿ ಚೆನ್ನಾಗಿತ್ತು. ಅಪ್ಪನಿಗೆ ಏನು ಹೇಳುವುದೆಂದು ಯೋಚಿಸುತ್ತ ಬಳ್ಳಾರಿ ಬರುವುದರೊಳಗೆ ಮುಗಿಸಿದೆ.

ಮೂರನೆಯದನ್ನು ಲಾಕ್ ಇರುವುದೇ ಬೇಕೆಂದು ಆರಿಸಿ ಕೊಂಡೆ. (ನಡುವೆ ವಿಮಾನ ನಿಲ್ದಾಣದಲ್ಲಿ ಬಿಟ್ಟುಬಂದದ್ದೊಂದಿದೆ. ಅದು ಎಲ್ಲರ ಮನೆಯ ಕಥೆ, ಬೇಡ.) ಅದನ್ನು ಅವ್ವ ತೆಗೆದುಕೊಂಡಳು. ತಂಗಿ ಚೊಚ್ಚಲ ಬಾಣಂತಿ, ದಿಂಬಿನ ಕೆಳಗೆ ಕಬ್ಬಿಣ ಇರಬೇಕು. “ಇಳಿಗಿ ಇಡಬೇ” ಅಂದೆ. “ಕಾಯಿಪಲ್ಯ ಏನರಾಗ ಹೆಚ್ಚಲಿ? ನಿಂದು ಮಿಲಿಟ್ರೀದು, ದೆವ್ವ ಇನ್ನಟು ಅಂಜತಾವು.” ಲಾಕು ಒತ್ತಿ ಮಡಚುವುದು ಅವ್ವನಿಗೆ ಬರಲಿಲ್ಲ, ಬಿಚ್ಚಿದ್ದನ್ನೇ ಇಟ್ಟಳು. ದೆವ್ವದ ಮಾತು ಗೊತ್ತಿಲ್ಲ, ತಂಗಿ ಮಾತ್ರ ತಿಂಗಳುಗಟ್ಟಲೆ ಮಗ್ಗಲು ಬದಲಿಸದೆ ಮಲಗಿದಳು. ನಾನು ಖಾಲಿ ಜೇಬಿನಲ್ಲಿ ಡ್ಯೂಟಿಗೆ ಮರಳಿದೆ. ನನ್ನ ಚಾಕುಗಳು ಶತ್ರುವಿನ ವಿರುದ್ಧ ಕಾವಲು ನಿಂತದ್ದು ಅದೊಂದೇ ಸಲ.

ಈಗ ನಾನು ಪಿಂಚಣಿದಾರ. ಗಿಣಿಗೇರಿ ಕಡೆಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ. ಒಳಗೆ ಚಾಕು ಒಯ್ಯುವಂತಿಲ್ಲ. ಬುತ್ತಿಚೀಲದಲ್ಲಿ ಸಿಕ್ಕದ್ದಕ್ಕೆಲ್ಲ ಚೀಟಿ ಕಟ್ಟಿ ಡ್ರಾವರಿನಲ್ಲಿಡುತ್ತೇನೆ, ಪಾಳಿ ಮುಗಿದ ಮೇಲೆ ಒಯ್ಯಬೇಕು. ಮೊದಲ ಚೀಟಿ ನನ್ನದೇ.

ಮೊನ್ನೆ ಮಧ್ಯಾಹ್ನ ಜೊತೆಗಿನ ಹುಡುಗ ಬುತ್ತಿ ಬಿಚ್ಚಿ, ಉಳ್ಳಾಗಡ್ಡಿ ಕೈಯಲ್ಲಿ ಹಿಡಿದು, “ಅಣ್ಣಾರ, ಒಂದು ಚಾಕು…” ಎಂದು ಡ್ರಾವರಿನ ಕಡೆ ನೋಡಿದ. ಡ್ರಾವರಿನಲ್ಲಿ ಹನ್ನೊಂದಿದ್ದವು. ಎಲ್ಲಕ್ಕೂ ಚೀಟಿ, ರಿಜಿಸ್ಟರಿನಲ್ಲಿ ಎಲ್ಲಕ್ಕೂ ನನ್ನ ಸಹಿ.

ಉಳ್ಳಾಗಡ್ಡಿಯನ್ನು ಮೇಜಿನ ಮೇಲಿಟ್ಟು ಒಂದು ಗುದ್ದು ಗುದ್ದಿದೆ. ನಾಲ್ಕು ಹೋಳಾಯಿತು. ರಸ ಹಾರಿ ಹುಡುಗನ ಕಣ್ಣಿಗೆ ಬಿತ್ತು.