ಮೂಗಿನ ನೇರಕ್ಕೆ

ಕೊಡಗಿನಲ್ಲಿ ರೈಟರ್ ಎಂದರೆ ಕಥೆ ಕಾದಂಬರಿ ಬರೆಯುವವನಲ್ಲ; ಕಾಫಿ ತೋಟದಲ್ಲಿ ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಕರಿಮೆಣಸಿನ ತೂಕ ಇವನ್ನೆಲ್ಲ ಚೆಕ್‌ರೋಲ್‌ನಲ್ಲಿ ಬರೆದಿಡುವವನು. ಸುಂಟಿಕೊಪ್ಪದ ಹತ್ತಿರದ ತೋಟವೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಈ ಕೆಲಸದಲ್ಲಿರುವ ನಾನು ಸಾಹಿತ್ಯದ ಕಡೆಗೆ ತಲೆ ಹಾಕಿದವನಲ್ಲ. ಆದರೆ ನನ್ನ ಬೈಕಿಗೆ ಹೊಸ ವಿಂಡ್‌ಶೀಲ್ಡ್ ಹಾಕಿಸಿದ ವೃತ್ತಾಂತ ಚೆಕ್‌ರೋಲ್‌ನ ಯಾವ ಕಾಲಮ್ಮಿಗೂ ಒಗ್ಗದ ಕಾರಣ ಅದನ್ನು ಹೀಗೆ ಬೇರೆಯಾಗಿಯೇ ಬರೆಯಬೇಕಾಗಿ ಬಂದಿದೆ.

ಬೈಕು ನನ್ನದೆಂದು ಹೇಳಿಕೊಂಡರೂ ಮೂಲತಃ ಅದು ನನ್ನ ಅಕ್ಕನ ಮಗನದು. ದೇಶ ಸುತ್ತುತ್ತೇನೆಂದು ದೊಡ್ಡ ಟೂರಿಂಗ್ ಬೈಕು ಕೊಂಡ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಕಾರೂ ಬಂತು. ಬೈಕು ಕಡಿಮೆ ಬೆಲೆಗೆ ನನ್ನ ಪಾಲಾಯಿತು. ಹಿಮಾಲಯ ಹತ್ತಬೇಕಾಗಿದ್ದ ಆ ವಾಹನದಲ್ಲಿ ನಾನು ಕೋಳಿ ಆಹಾರದ ಚೀಲ, ಅಡಿಕೆ ಹಾಳೆ, ಸಂತೆಯ ತರಕಾರಿಯನ್ನು ಸಾಗಿಸುತ್ತ ಬಂದಿದ್ದೇನೆ. ಕಳೆದ ಜೂನ್‌ನಲ್ಲಿ ಸಂಪಾಜೆಯಲ್ಲಿರುವ ಹೆಂಡತಿಯ ತವರಿನಿಂದ ಹಲಸಿನ ಹಣ್ಣೊಂದನ್ನು ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟು, ಮಗುವನ್ನು ಕೂರಿಸಿಕೊಂಡಂತೆ ಎರಡು ತೋಳುಗಳ ನಡುವೆ ಭದ್ರಪಡಿಸಿಕೊಂಡು ಘಾಟಿ ಹತ್ತಿಸಿದೆ. ಆಗಷ್ಟೇ ಕೊಯ್ದ ತೊಟ್ಟು ಮುಂದಕ್ಕೆ ಮುಖ ಮಾಡಿತ್ತು. ಮಡಿಕೇರಿ ತಲಪುವಷ್ಟರಲ್ಲಿ ವಿಂಡ್‌ಶೀಲ್ಡಿನ ಒಳಮೈಗೆ ಮೇಣದ ನಾಲ್ಕು ಪಟ್ಟುಗಳು ಮೆತ್ತಿಕೊಂಡಿದ್ದವು. ಮಳೆಗಾಲ ಮುಗಿಯುವಷ್ಟರಲ್ಲಿ ಅವು ಧೂಳನ್ನೂ ನೊಣಗಳನ್ನೂ ಸೇರಿಸಿಕೊಂಡು ಕಪ್ಪಗೆ, ಒಂದೊಂದೂ ರೂಪಾಯಿ ನಾಣ್ಯದಷ್ಟಗಲ ಆದವು.

ಸೆಪ್ಟೆಂಬರ್ 3 ಕೈಲ್ ಮುಹೂರ್ತ, ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಹಬ್ಬ. ಅಂದು ಕೋವಿ ಇದ್ದವರು ಕೋವಿಯನ್ನು ತೊಳೆದು, ಒರೆಸಿ, ತೋಕ್ ಪೂ ಎಂಬ ಕಾಡುಹೂವನ್ನು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೋವಿ ಇಲ್ಲದ ನಾನು ಕತ್ತಿ, ಗುದ್ದಲಿಗಳ ಸಾಲಿನಲ್ಲಿ ಬೈಕನ್ನು ನಿಲ್ಲಿಸುತ್ತೇನೆ. ಪೂಜೆಗೆ ಕೂರುವ ಬೈಕಿನ ಮುಖದ ಮೇಲೆ ಕಪ್ಪು ಬೊಟ್ಟುಗಳಿರುವುದು ಸರಿಯಲ್ಲವೆಂದುಕೊಂಡು, ಗೇಟಿಗೆ ಬಣ್ಣ ಹೊಡೆದಾಗ ಉಳಿದಿದ್ದ ತಿನ್ನರನ್ನು ಬಟ್ಟೆಗೆ ಹನಿಸಿ ಉಜ್ಜಿದೆ. ಮೇಣ ಎಷ್ಟು ಸಲೀಸಾಗಿ ಬಿಟ್ಟಿತೆಂದರೆ, ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ನನ್ನನ್ನು ನಾನೇ ಬೈದುಕೊಂಡೆ. ಐದು ನಿಮಿಷ ಕಳೆದಿರಲಿಲ್ಲ, ಉಜ್ಜಿದ ಜಾಗ ಗಂಜಿಯ ತಿಳಿಯಂತೆ ಬೆಳ್ಳಗಾಯಿತು. ಸ್ಕ್ರೂಗಳ ಸುತ್ತ ಜೇಡರ ಬಲೆಯಂಥ ಸಣ್ಣ ಬಿರುಕುಗಳು ಕಾಣಿಸಿಕೊಂಡವು. ಚೆಂಡು ಹೂವಿನ ಹಾರವನ್ನು ಕಟ್ಟಿ ದಾರವನ್ನು ಸ್ವಲ್ಪ ಬಿಗಿಯಾಗಿ ಎಳೆದಾಗ ‘ಚಟ್’ ಎಂಬ ಶಬ್ದ ಬಂತು, ಮೇಲಿನ ಮೂಲೆ ಹಾರದ ಜೊತೆಗೇ ನನ್ನ ಕೈಗೆ ಬಂತು.

ಆರತಿ ತಟ್ಟೆ ಹಿಡಿದು ನಿಂತಿದ್ದ ಹೆಂಡತಿ ಒಂದೇ ಪ್ರಶ್ನೆ ಕೇಳಿದಳು: “ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಏನು ಹಚ್ಚಿಕೊಳ್ಳುತ್ತೀರಿ?” ಕೊಬ್ಬರಿ ಎಣ್ಣೆ ಎಂಬ ಉತ್ತರ ನನಗೆ ಐದನೇ ವಯಸ್ಸಿನಿಂದಲೂ ಗೊತ್ತಿತ್ತು.

ಅಳಿಯನಿಗೆ ಫೋನ್ ಮಾಡಿದೆ. “ಮಾವಾ, ಅದು ಗಾಜಲ್ಲ, ಪಾಲಿಕಾರ್ಬೊನೇಟ್,” ಎಂದು ಶುರು ಮಾಡಿದವನು ಅರ್ಧ ಗಂಟೆ ಪಾಠ ಮಾಡಿದ. ಪೊಲೀಸರು ಕಲ್ಲೇಟಿಗೆ ಅಡ್ಡ ಹಿಡಿಯುವ ಪಾರದರ್ಶಕ ಗುರಾಣಿಯನ್ನು ಮಾಡುವುದೂ ಅದರಿಂದಲೇ. ಕಲ್ಲು ಬಡಿದರೆ ತಾಳಿಕೊಳ್ಳುವ ಈ ವಸ್ತು ತಿನ್ನರ್, ಪೆಟ್ರೋಲ್, ಅಮೋನಿಯಾ ಬೆರೆತ ಗಾಜು ಒರೆಸುವ ದ್ರಾವಣ ಇಂಥವು ಸೋಕಿದರೆ, ಅದರಲ್ಲೂ ಸ್ಕ್ರೂ ಬಿಗಿದು ಒತ್ತಡ ಬಿದ್ದಿರುವ ಜಾಗದಲ್ಲಿ, ಬಿರಿಯುತ್ತದೆ. ಗೀರು ಬೀಳುವುದೂ ಬೇಗ; ಆದ್ದರಿಂದ ಒಳ್ಳೆಯ ತಯಾರಿಕೆಯಲ್ಲಿ ಮೇಲೊಂದು ಗಡಸು ಲೇಪ ಇರುತ್ತದೆ. ಇನ್ನೊಂದು ಬಗೆ ಅಕ್ರಿಲಿಕ್. ಅದು ಗೀರಿಗೆ ಅಷ್ಟಾಗಿ ಬಗ್ಗುವುದಿಲ್ಲ, ಆದರೆ ಜೋರಾಗಿ ಪೆಟ್ಟು ಬಿದ್ದರೆ ಹೋಳಾಗುತ್ತದೆ. ಮಳೆಗಾಲ ಕಳೆದ ಮೇಲೆ ನಮ್ಮ ರಸ್ತೆಗಳಲ್ಲಿ ಲಾರಿಯ ಚಕ್ರದಿಂದ ಸಿಡಿಯುವ ಜಲ್ಲಿಯನ್ನು ನೆನೆದು ನಾನು ಗುರಾಣಿಯ ಜಾತಿಯನ್ನೇ ಆರಿಸಿಕೊಂಡೆ. ಕಪ್ಪು ಛಾಯೆಯದು ನೋಡಲು ಚೆಂದವೆಂದು ಅಳಿಯ ಹೇಳಿದ. ಸಿಲ್ವರ್ ಓಕ್ ಮತ್ತು ಬಳಂಜಿ ಮರಗಳ ನೆರಳಿನಲ್ಲಿ ಮಧ್ಯಾಹ್ನ ಮೂರಕ್ಕೇ ಹೆಡ್‌ಲೈಟ್ ಹಾಕುವವರು ಬೈಕಿಗೂ ಕಪ್ಪು ಕನ್ನಡಕ ತೊಡಿಸುವುದು ಬೇಡವೆಂದು ಅದನ್ನು ಅಲ್ಲಿಗೇ ಬಿಟ್ಟೆ.

ಇಷ್ಟರವರೆಗೆ ನನ್ನ ಬುದ್ಧಿ ಸರಿಯಾಗಿಯೇ ಓಡಿತ್ತು. ಎಡವಿದ್ದು ಎತ್ತರದಲ್ಲಿ. ಹಳೆಯದು 40 ಸೆಂಟಿಮೀಟರ್ ಇತ್ತು. ಅದು ಎದೆಯ ಗಾಳಿಯನ್ನು ತಡೆದು ತಂದು ಹೆಲ್ಮೆಟ್ಟಿಗೆ ಬಡಿಸುತ್ತಿದ್ದುದರಿಂದ ಕಿವಿಯಲ್ಲಿ ಸದಾ ಡೋಲು. ಪಕ್ಕದ ತೋಟದ ರೈಟರ್ “ಕೊಡಗಿನ ಮಳೆಗೆ ಎತ್ತರದ್ದೇ ಆಗಬೇಕು” ಎಂದರು. ಅವರು ಓಡಾಡುವುದು ಜೀಪಿನಲ್ಲಿ ಎಂಬುದು ಆಗ ನನ್ನ ಲೆಕ್ಕಕ್ಕೆ ಬರಲಿಲ್ಲ. ಮಳೆ ಸುರಿಯುತ್ತಿರುವಾಗ ಸರ್ಕಾರಿ ಬಸ್ಸಿನ ಡ್ರೈವರನಂತೆ ಗಾಜಿನ ಹಿಂದೆ ಬೆಚ್ಚಗೆ ಕುಳಿತು ಹೋಗುವ ನನ್ನ ಚಿತ್ರ ಕಣ್ಣಿಗೆ ಕಟ್ಟಿತು. ಆ ಡ್ರೈವರನ ಮುಂದೆ ಕೀರಲು ಸದ್ದು ಮಾಡುತ್ತ ಓಡಾಡುವ ವೈಪರ್ ಮಾತ್ರ ಚಿತ್ರದಲ್ಲಿ ಬಿಟ್ಟುಹೋಗಿತ್ತು.

ಅಳತೆ ತೆಗೆದದ್ದು ಕಾಫಿ ಒಣಗಿಸುವ ಕಣದಲ್ಲಿ. ಬೈಕನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹೆಲ್ಮೆಟ್ ಹಾಕಿ, ಮದುವೆ ಫೋಟೋಗೆ ಕುಳಿತವನಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಹೆಂಡತಿ ಹೊಲಿಗೆ ಯಂತ್ರದ ಟೇಪು ಹಿಡಿದಳು. ಕಣ್ಣಿಗಿಂತ ಎರಡು ಬೆರಳು ಕೆಳಗೆ ಎಂದು ಲೆಕ್ಕ ಹಾಕಿದಾಗ 54 ಸೆಂಟಿಮೀಟರ್ ಬಂತು. ಬೆಂಗಳೂರಿನ ಅಂಗಡಿಯೊಂದಕ್ಕೆ 4,200 ರೂಪಾಯಿ ಕಳಿಸಿ ತರಿಸಿಕೊಂಡೆ. ಜೊತೆಗೆ ಬಂದ ನಾಲ್ಕು ಸ್ಕ್ರೂ, ರಬ್ಬರ್ ನಟ್ಟು, ನೈಲಾನ್ ವಾಷರುಗಳನ್ನು ಬೆರಳಲ್ಲೇ ತಿರುಗಿಸಿ, ಕೊನೆಗೆ ಕಾಲು ಸುತ್ತು ಮಾತ್ರ ಬಿಗಿದೆ. ಒಂದು ಸಲ ‘ಚಟ್’ ಕೇಳಿದವನ ಕೈ ಎಷ್ಟು ಮೃದುವಾಗುತ್ತದೆಂಬುದು ಅನುಭವಸ್ಥರಿಗೆ ಗೊತ್ತು.

ಮರುದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಮಡಿಕೇರಿಗೆ ಹೊರಟೆ. ಕೆದಕಲ್ ದಾಟುವವರೆಗೆ ಎಲ್ಲವೂ ರಾಜಯೋಗ. ಆಮೇಲೆ ರಸ್ತೆ ಎರಡಾಗತೊಡಗಿತು. ಫೋಟೋ ಭಂಗಿಯಲ್ಲಿ ಎಷ್ಟು ಹೊತ್ತು ಕೂರಲಾಗುತ್ತದೆ? ಸೊಂಟ ಸಡಿಲವಾಗಿ, ಹೆಗಲು ಇಳಿದು, ನಾನು ನನ್ನ ನಿಜವಾದ ಎತ್ತರಕ್ಕೆ ಬಂದಿದ್ದೆ. ಎರಡು ಬೆರಳಿನ ಅಂತರ ಎಲ್ಲೋ ಕರಗಿ, ವಿಂಡ್‌ಶೀಲ್ಡಿನ ಮೇಲಂಚು ಸರಿಯಾಗಿ ಕಣ್ಣಿನ ಪಾಪೆಗೆ ಅಡ್ಡಲಾಗಿ ನಿಂತಿತ್ತು. ಅಂಚಿನ ಮೇಲೆ ಒಂದು ಲೋಕ, ಕೆಳಗೆ ಇನ್ನೊಂದು. ಎದುರಿಗೆ ಬಂದ ಹಸುವೊಂದರ ಕೊಂಬು ಮೇಲಿನ ಲೋಕದಲ್ಲಿ ಎಡಕ್ಕೂ, ಮುಖ ಕೆಳಗಿನ ಲೋಕದಲ್ಲಿ ಸ್ವಲ್ಪ ಬಲಕ್ಕೂ ಇತ್ತು. ಯಾವುದನ್ನು ನಂಬಬೇಕೆಂದು ತಿಳಿಯದೆ ನಿಂತುಬಿಟ್ಟೆ. ಪುಣ್ಯಕ್ಕೆ ಹಸುವೂ ನಿಂತಿತು.

ಬೋಯಿಕೇರಿಯಲ್ಲಿ ಮಂಜು ಇಳಿಯಿತು, ಅದರ ಬೆನ್ನಿಗೇ ಸೋನೆ ಮಳೆ. ಹೆಲ್ಮೆಟ್ಟಿನ ವೈಸರಿಗೆ ಒಳಗಿನಿಂದ ನನ್ನ ಉಸಿರಿನ ಆವಿ, ವಿಂಡ್‌ಶೀಲ್ಡಿಗೆ ಹೊರಗಿನಿಂದ ಹನಿ. ವೈಸರನ್ನು ಎತ್ತಿದರೆ ಮೊದಲಿನ ಪರದೆಯಷ್ಟೇ ಸರಿಯಿತು. ಎರಡನೆಯದನ್ನು ಎತ್ತುವಂತಿಲ್ಲ, ಒರೆಸುವಂತಿಲ್ಲ. ಅದರ ಆಚೆ ನೋಡಲು ಸೀಟಿನಿಂದ ಮೇಲೆದ್ದು, ಗೋಡೆಯಾಚೆ ನೆರೆಮನೆಯ ಜಗಳ ಇಣುಕುವವನಂತೆ ಕತ್ತು ಚಾಚಿಕೊಂಡೇ ಹೋದೆ. ಇದು ಸಾಲದೆಂಬಂತೆ ಹಿಂದಿನಿಂದ ಹೆಂಡತಿಯ ಶಾಲು ಹಾರಿ ಬಂದು ನನ್ನ ಮುಖಕ್ಕೆ ಸುತ್ತಿಕೊಂಡಿತು. ಗಾಳಿ ಮುಂದಿನಿಂದ ಬರುವುದು ಲೋಕರೂಢಿ, ಶಾಲು ಹಿಂದಕ್ಕೆ ಹಾರಬೇಕು. ಆದರೆ ವಿಂಡ್‌ಶೀಲ್ಡ್ ಎತ್ತರವಾದಷ್ಟೂ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಆ ಬರಿದು ಜಾಗವನ್ನು ತುಂಬಲು ಬದಿಯ ಗಾಳಿ ತಿರುಗಿ ಹಿಂದಿನಿಂದ ನುಗ್ಗುತ್ತದೆ. ಅಳಿಯ ಇದನ್ನು ವಿವರಿಸಿದ್ದು ರಾತ್ರಿ ಫೋನಿನಲ್ಲಿ. ರಸ್ತೆಯಲ್ಲಿ ಮಾತ್ರ ನಾನು ಅದನ್ನು ಹೆಂಡತಿಯ ಉದ್ದೇಶಪೂರ್ವಕ ಕೃತ್ಯವೆಂದೇ ತಿಳಿದಿದ್ದೆ, ತಿಳಿದದ್ದನ್ನು ಗಟ್ಟಿಯಾಗಿ ಹೇಳಿಯೂ ಇದ್ದೆ. ಬರುವಾಗ ಆಕೆ ಬಸ್ಸಿನಲ್ಲಿ ಬಂದಳು.

ಅಂಗಡಿಯವರು ಒಮ್ಮೆ ಜೋಡಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದರು. ಅಕ್ಟೋಬರ್ 17ರ ಸುಮಾರಿಗೆ ಬರುವ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಇಬ್ಬರೂ ಬೈಕಿನಲ್ಲೇ ಹೋಗುವುದೆಂದು ಮೊದಲೇ ಮಾತಾಗಿತ್ತು. ಸಿಟ್ಟು ಇಳಿದ ಮೇಲೆ ನಾನು ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೂ ಮಾಡಿದೆ. ಮುರಿದ ಹಳೆಯ ವಿಂಡ್‌ಶೀಲ್ಡನ್ನೇ ಮತ್ತೆ ಹಾಕಿ, ಅದರ ಮೇಲೆ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯ ತುಂಡನ್ನು ಟೇಪಿನಿಂದ ಅಂಟಿಸಿ, ಭಾನುವಾರ ಬೆಳಿಗ್ಗೆ ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡಿಸಿದೆ. ಎರಡೆರಡು ಸೆಂಟಿಮೀಟರಿನಂತೆ ರಟ್ಟನ್ನು ಏರಿಸುವುದು, ಓಡಿಸುವುದು, ನಿಲ್ಲಿಸಿ ಚೆಕ್‌ರೋಲ್‌ನ ಹಿಂದಿನ ಹಾಳೆಯಲ್ಲಿ ಬರೆಯುವುದು. ಆ ಹಾಳೆ ಈಗಲೂ ನನ್ನಲ್ಲಿದೆ: “42: ಡೋಲು ಇದೆ. 44: ಡೋಲು ದೂರದಲ್ಲಿದೆ. 46: ಡೋಲು ಇಲ್ಲ, ರಸ್ತೆ ಪೂರ್ತಿ ಕಾಣುತ್ತದೆ. 48: ರಸ್ತೆಯ ಹೊಂಡ ಬಿದ್ದ ಮೇಲೆ ಕಾಣುತ್ತದೆ.” ರಟ್ಟಿನ ಮೇಲೆ ‘ದಿಸ್ ಸೈಡ್ ಅಪ್’ ಎಂದು ಅಚ್ಚಾಗಿದ್ದ ಬಾಣ ನೆಲದ ಕಡೆಗೆ ತಿರುಗಿದ್ದರಿಂದ, ದಾರಿಯಲ್ಲಿ ಇಬ್ಬರು ಅಪರಿಚಿತರು ನನ್ನನ್ನು ತಡೆದು ಆರೋಗ್ಯ ವಿಚಾರಿಸಿದರು.

46 ಎಂದರೆ, ಸಡಿಲವಾಗಿ ಕುಳಿತಾಗ ನನ್ನ ಮೂಗಿನ ತುದಿ. ನೋಟ ಅಂಚಿನ ಮೇಲಿನಿಂದ ಹಾಯುತ್ತದೆ, ಅಂಚಿಗೆ ಬಡಿದ ಗಾಳಿ ಚಿಮ್ಮಿ ಹೆಲ್ಮೆಟ್ಟಿನ ನೆತ್ತಿಯ ಮೇಲಿನಿಂದ ದಾಟುತ್ತದೆ. ಎಲ್ಲವನ್ನೂ ನನ್ನ ಮೂಗಿನ ನೇರಕ್ಕೆ ನೋಡುತ್ತೇನೆಂದು ಇಪ್ಪತ್ತೈದು ವರ್ಷಗಳಿಂದ ದೂರುತ್ತಿದ್ದ ಹೆಂಡತಿ, ನೋಡಬೇಕಾದ ಒಂದೇ ಒಂದು ಸಲ ನೋಡಲಿಲ್ಲವಲ್ಲ ಎಂದಳು.

ಉಳಿದದ್ದು 8 ಸೆಂಟಿಮೀಟರ್ ಕೊಯ್ಯುವ ಕೆಲಸ. ನಮ್ಮೂರಿನ ಆಚಾರ್ರ ಬಳಿಗೆ ಒಯ್ದೆ. ಬೀಟೆ ಮರದ ಬಾಗಿಲ ಮೇಲೆ ಬಳ್ಳಿ ಕೆತ್ತುವ ಕೈ ಅವರದು, ಇದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, “ರೈಟರ್ರೇ, ಮರವಾದರೆ ತಪ್ಪಿದಲ್ಲಿ ಪುಟ್ಟಿ ಹಾಕಬಹುದು, ಇದಕ್ಕೆ ಏನು ಹಾಕುವುದು?” ಎಂದರು. ಎರಡೂ ಮೈಗೆ ಕಾಗದದ ಟೇಪು ಅಂಟಿಸಿ, ಹಳೆಯ ವಿಂಡ್‌ಶೀಲ್ಡಿನ ಅಂಚನ್ನೇ ಅಚ್ಚಾಗಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಸಣ್ಣ ಹಲ್ಲಿನ ಬ್ಲೇಡು ಹಾಕಿ ಮೆಲ್ಲಗೆ ಕೊಯ್ಯತೊಡಗಿದರು. ಅವಸರ ಮಾಡಿದರೆ ಪ್ಲಾಸ್ಟಿಕ್ಕು ಕಾಯ್ದು ಕರಗಿ, ಕೊಯ್ದ ದಾರಿ ಬ್ಲೇಡಿನ ಹಿಂದೆಯೇ ಮತ್ತೆ ಕೂಡಿಕೊಳ್ಳುತ್ತದೆ. ಒಂದು ಗೇಣು ಕೊಯ್ದು ನಿಲ್ಲಿಸುವರು, ವೀಳ್ಯ ಹಾಕಿಕೊಳ್ಳುವರು, ಬ್ಲೇಡನ್ನು ಮುಟ್ಟಿ ನೋಡುವರು, ಮತ್ತೊಂದು ಗೇಣು. ಬಿಳಿಯ ಪುಡಿ ಅವರ ಮೀಸೆಯ ಮೇಲೆ ಕೂತಿತ್ತು. ಇಡೀ ಹೊತ್ತು ನಾನು ಪಕ್ಕದಲ್ಲಿ ಹೆರಿಗೆ ಕೋಣೆಯ ಹೊರಗೆ ನಿಂತವನ ಹಾಗೆ ನಿಂತಿದ್ದೆ. ಕೊನೆಗೆ ಉಜ್ಜು ಕಾಗದದಿಂದ ಅಂಚನ್ನು ದುಂಡಗೆ ಮಾಡಿ, ಹೆಬ್ಬೆರಳು ಓಡಿಸಿ ನೋಡಿ, ನೂರೈವತ್ತು ರೂಪಾಯಿ ತೆಗೆದುಕೊಂಡರು. ಕೊಯ್ದು ತೆಗೆದ ಬಾಗಿದ ತುಂಡನ್ನು ಹೆಂಡತಿ ಜಗಲಿಯ ಕಾಲಿಂಗ್ ಬೆಲ್ಲಿನ ಮೇಲೆ ಇರಿಚಲು ಬೀಳದಂತೆ ಮೊಳೆ ಹೊಡೆಸಿದಳು. 4,200ರಲ್ಲಿ ಅದರ ಪಾಲೆಷ್ಟೆಂದು ನಾನು ಲೆಕ್ಕ ಹಾಕಿದ್ದೇನೆ. ನಮ್ಮ ಊರಿನಲ್ಲಿ ಅಷ್ಟು ಬೆಲೆಯ ಕೊಡೆ ಹಿಡಿದ ಕಾಲಿಂಗ್ ಬೆಲ್ಲು ಇನ್ನೊಂದಿಲ್ಲ.

ತಲಕಾವೇರಿಗೆ ಹೋಗಿ ಬಂದೆವು. ಭಾಗಮಂಡಲದಿಂದ ಮೇಲಿನ 8 ಕಿಲೋಮೀಟರ್ ಏರಿನಲ್ಲಿ ಮಂಜು ಬೈಕಿನ ಹೆಡ್‌ಲೈಟನ್ನೇ ನುಂಗಿತ್ತು. ವಿಂಡ್‌ಶೀಲ್ಡಿನ ತುಂಬ ಹನಿ ಹರಿಯುತ್ತಿತ್ತು, ನಾನು ಅದರ ಮೇಲಿನಿಂದ ನೋಡುತ್ತಿದ್ದೆ, ಶಾಲು ಹೆಂಡತಿಯ ಹೆಗಲ ಮೇಲೇ ಇತ್ತು. ಮನೆಗೆ ಬಂದು, ಅಂಚಿಗೆ ಬಡಿದು ಒಣಗಿದ್ದ ಹುಳುಗಳ ಮೇಲೆ ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಹಾಸಿ, ನೆನೆದ ಮೇಲೆ ಸೋಪಿನ ನೀರಿನಿಂದ ತೊಳೆದೆ. ತಿನ್ನರಿನ ಡಬ್ಬಿಯನ್ನು ಆಚಾರ್ರಿಗೆ ಕೊಟ್ಟುಬಿಟ್ಟಿದ್ದೆ.

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಅಳಿಯ ಬೆಂಗಳೂರಿನಿಂದ ಬಂದ. ಬೆಳಿಗ್ಗೆ ಎದ್ದು ಕಣಕ್ಕೆ ಹೋದರೆ, ವಿಂಡ್‌ಶೀಲ್ಡಿನ ನಟ್ಟನಡುವೆ ನನ್ನ ಎರಡು ಅಂಗೈಯಷ್ಟಗಲದ ಹೊಳೆಯುವ, ಕೊಡಗಿನ ವಾಹನಗಳ ನೋಂದಣಿ ಸಂಖ್ಯೆಯ ‘ಕೆಎ 12’ ಸ್ಟಿಕ್ಕರ್ ಅಂಟಿಕೊಂಡು ಕೂತಿತ್ತು. ಮಾವನಿಗೊಂದು ಕಾಣಿಕೆಯೆಂದು ಅವನು ಹಲ್ಲು ಬಿಟ್ಟು ನಿಂತಿದ್ದ. ನಾನು ಉಗುರಿನಿಂದ ಅದರ ಮೂಲೆಯನ್ನು ಮೆಲ್ಲಗೆ ಕೆದಕಿ ನೋಡಿದೆ. ಒಳಗಿನಿಂದ ಬಂದ ಹೆಂಡತಿ ಏನೂ ಮಾತಾಡದೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಸೀಟಿನ ಮೇಲಿಟ್ಟು ಹೋದಳು.