ಹತ್ತು ರೂಪಾಯಿ ಚಿಲ್ಲರೆಗೆ ಒಂದೇ ಉತ್ತರವಾ?

ಈಗಷ್ಟೇ ಅಕ್ಕನ ಮಗಳ ಗಣಿತದ ನೋಟ್‌ಬುಕ್ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಮೂರನೇ ಕ್ಲಾಸಿನ ಹುಡುಗಿ. ‘ಹತ್ತು ರೂಪಾಯಿಗೆ ಚಿಲ್ಲರೆ ಬರೆಯಿರಿ’ ಅಂತ ಪ್ರಶ್ನೆ. ಅವಳು ದುಂಡಗೆ ಐದು ನಾಣ್ಯ ಬಿಡಿಸಿ, ಒಂದೊಂದರೊಳಗೂ 2 ಅಂತ ಬರೆದಿದ್ದಾಳೆ. ಅದರ ಮೇಲೆ ಕೆಂಪು ಇಂಟು ಮಾರ್ಕು. ಪಕ್ಕದಲ್ಲಿ ‘5 + 5’ ಅಂತ ತಿದ್ದಿದ್ದಾರೆ.

ಎರಡೈದ್ಲಿ ಹತ್ತು ಅಲ್ವಾ? ಯಾವ ಅಂಗಡಿಯಲ್ಲಿ ಅದು ತಪ್ಪಾಗುತ್ತದೆ?

ನಾನು ಕಿರಾಣಿ ಅಂಗಡಿ ಮನೆಯವನು, ನಿಮಗೆ ಗೊತ್ತೇ ಇದೆ. ಗಲ್ಲಾಪೆಟ್ಟಿಗೆ ಮುಂದೆ ಕೂತ ಅಪ್ಪ ಕಳೆಯುವ ಲೆಕ್ಕ ಮಾಡಿದ್ದೇ ಇಲ್ಲ. 37 ರೂಪಾಯಿ ಸಾಮಾನಿಗೆ ಐವತ್ತರ ನೋಟು ಬಂದರೆ, ಒಂದು ರೂಪಾಯಿ ಇಟ್ಟು ‘ಮೂವತ್ತೆಂಟು’, ಎರಡರದ್ದು ಇಟ್ಟು ‘ನಲವತ್ತು’, ಹತ್ತರದ್ದು ಇಟ್ಟು ‘ಐವತ್ತು’ ಅನ್ನುತ್ತಿದ್ದರು, ಮುಗಿಯಿತು. ಒಂದು ರೂಪಾಯಿ ಖಾಲಿಯಾಗಿದ್ದರೆ ‘ಎರಡು ರೂಪಾಯಿ ಇದ್ರೆ ಕೊಡಿ, ಹದಿನೈದು ಕೊಡ್ತೀನಿ’. ಪೆಟ್ಟಿಗೆಯಲ್ಲಿ ಏನಿದೆಯೋ ಅದರ ಮೇಲೆ ಲೆಕ್ಕ. ನನಗೆ ಗಣಿತದ ರುಚಿ ಹತ್ತಿದ್ದೇ ಅಲ್ಲಿ, ಸ್ಕೂಲಲ್ಲಿ ಅಲ್ಲ.

ಹತ್ತು ರೂಪಾಯಿಗೆ ಎಷ್ಟು ಬಗೆ ಇದೆ, ನೋಡಿ. ಹತ್ತರ ನಾಣ್ಯ ಒಂದು. ಇಲ್ಲ, ಐದರದ್ದು ಎರಡು. ಐದರದ್ದು ಒಂದೇ ತಗೊಂಡರೆ ಉಳಿದ ಐದಕ್ಕೆ ಮೂರು ಬಗೆ. ಐದರದ್ದು ಬೇಡವೇ ಬೇಡ ಅಂದರೆ ಬರೀ ಒಂದು, ಎರಡರ ನಾಣ್ಯಗಳಲ್ಲೇ ಆರು ಬಗೆ. ಒಟ್ಟು 11. ಆ ಮಗು ಬರೆದಿದ್ದು ಅದರಲ್ಲೊಂದು. ಅದು ತಪ್ಪಂತೆ!

ಕಡಿಮೆ ನಾಣ್ಯದಲ್ಲಿ ಕೊಡುವುದನ್ನು ಕಲಿಸುತ್ತಿರಬಹುದು ಅಂತ ಭಾವ ಅಂದರು. ಹಾಗಿದ್ದರೆ ಪ್ರಶ್ನೆಯಲ್ಲಿ ಹಾಗೇ ಬರೆಯಬೇಕಿತ್ತು. ಅಷ್ಟಕ್ಕೂ ಕಡಿಮೆ ಅಂದರೆ ಹತ್ತರ ನಾಣ್ಯ ಒಂದೇ ಸಾಕು, 5 + 5 ಯಾಕೆ?

ದೊಡ್ಡ ನಾಣ್ಯದಿಂದ ಶುರು ಮಾಡಬೇಕು ಅನ್ನುವ ರೂಲು ಕೂಡ ಎಲ್ಲ ಕಡೆ ನಡೆಯುವುದಿಲ್ಲ. ಆರು ಮೂಲೆಯ 20 ಪೈಸೆ ನೆನಪಿದೆಯಾ? ಆಗ ನಾಲ್ಕಾಣೆಯೂ ಇತ್ತು, 25 ಪೈಸೆ. 2011ರಲ್ಲಿ ಎರಡೂ ಹೋದವು. 40 ಪೈಸೆ ಕೊಡಬೇಕು ಅಂದುಕೊಳ್ಳಿ. ದೊಡ್ಡದರಿಂದ ಹೊರಟರೆ 25, 10, 5, ಮೂರು ನಾಣ್ಯ. ನಾಲ್ಕಾಣೆ ಮುಟ್ಟದೆ 20ರದ್ದು ಎರಡು ಕೊಟ್ಟರೆ ಮುಗಿಯಿತು. ಇದನ್ನು ಕಂಡುಕೊಳ್ಳುವುದು ಹೇಗೆ? ಬೇರೆ ಬೇರೆ ಥರ ಜೋಡಿಸಿ ನೋಡಿದವರಿಗೇ ಸಿಗುತ್ತದೆ. ಕೆಂಪು ಪೆನ್ನಿಗೆ ಹೆದರಿದ ಮಗು ಎರಡನೇ ಸಲ ಜೋಡಿಸಿ ನೋಡುತ್ತದಾ?

ಈಗೆಲ್ಲ ಫೋನಲ್ಲೇ ದುಡ್ಡು ಹೋಗುತ್ತದೆ, ಚಿಲ್ಲರೆ ಯಾಕೆ ಅಂತ ಕೇಳಬೇಡಿ. ನಾನು ಹೇಳುತ್ತಿರುವುದು ಜೇಬಿನ ವಿಷಯ ಅಲ್ಲ. ಒಂದು ಸಂಖ್ಯೆಯನ್ನು ಬೇಕಾದ ಹಾಗೆ ಒಡೆಯಬಹುದು, ಮತ್ತೆ ಕೂಡಿಸಬಹುದು ಅನ್ನುವ ಧೈರ್ಯದ ವಿಷಯ.

ಟೀಚರ್ ಆಗಿರುವ ಗೆಳೆಯರೇ, ನಿಮ್ಮ ಕ್ಲಾಸಿಗೆ 20 ರೂಪಾಯಿ ಲೆಕ್ಕ ಕೊಟ್ಟು ನೋಡಿ. 1, 2, 5, 10, 20ರ ನಾಣ್ಯಗಳಲ್ಲಿ 41 ಬಗೆ ಬರುತ್ತವೆ. ಮಕ್ಕಳು ಗುಂಪು ಮಾಡಿಕೊಂಡು ಹುಡುಕಲಿ. ಯಾರು ಏನೇ ಬರೆದಿರಲಿ, ಮೊದಲು ಕೂಡಿ ನೋಡಿ, ಆಮೇಲೆ ಪೆನ್ನು ಎತ್ತಿ.