ತಾರಸಿಯ ಪ್ರೇಕ್ಷಕ

ದೂರದರ್ಶನದ ಹಳೆಯ ಹಾಸ್ಯ ಧಾರಾವಾಹಿಗಳ ಮಾತು ಬಂದರೆ ನನ್ನ ವಯಸ್ಸಿನವರಿಗೆಲ್ಲ ಕಣ್ಣು ಒದ್ದೆಯಾಗುತ್ತದೆ. ನನಗೆ ಮಾತ್ರ ಬಲತೋಳು ನೋಯುತ್ತದೆ. ಅವರೆಲ್ಲ ಆ ಧಾರಾವಾಹಿಗಳನ್ನು ನೋಡಿದವರು. ನಾನು ಹಿಡಿದುಕೊಂಡು ನಿಂತವನು.

1984ರ ಆಸುಪಾಸಿನಲ್ಲಿ ಊರೂರಿಗೆ ಮರುಪ್ರಸಾರ ಕೇಂದ್ರಗಳು ಬಂದವು, ಮನೆಗಳ ನೆತ್ತಿಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾಗಳು ಎದ್ದವು. ನಮ್ಮ ಮನೆಯ ಆಂಟೆನಾ ಬಹಳ ಸಂಕೋಚದ್ದು. ಯಾರಾದರೂ ಕೊಳವೆಯನ್ನು ಹಿಡಿದುಕೊಂಡಿದ್ದರೆ ಕೆಳಗೆ ಚಿತ್ರ ಸ್ಫಟಿಕದಂತೆ ಮೂಡುತ್ತಿತ್ತು. ಕೈ ಬಿಟ್ಟರೆ ಪರದೆಯ ತುಂಬ ಇರುವೆ. ಮನುಷ್ಯನ ದೇಹವೂ ಆಂಟೆನಾದಂತೆ ವರ್ತಿಸಬಲ್ಲದು ಎಂದು ಮುಂದೆ ಭೌತಶಾಸ್ತ್ರದ ಮೇಷ್ಟ್ರು ಹೇಳಿದಾಗ ತರಗತಿಯಲ್ಲಿ ಆಶ್ಚರ್ಯಪಡದವನು ನಾನೊಬ್ಬನೇ.

ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನಾದ್ದರಿಂದ ಆ ಹುದ್ದೆ ನನಗೆ ಬಂತು. ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ ವರದಿ ಒಪ್ಪಿಸುತ್ತಿದ್ದ. "ಬಂತು! ಇಲ್ಲ, ಹೋಯಿತು. ಹಾಂ, ಬಂತು ಬಂತು! ಹಾಗೇ ಇರು, ಉಸಿರಾಡಬೇಡ!" ಆಮೇಲೆ ಅವನ ತಲೆ ಒಳಗೆ ಹೋಗುತ್ತಿತ್ತು. ಅರ್ಧ ಗಂಟೆ ನಾನು, ಕೊಳವೆ, ಮತ್ತು ಆಕಾಶ.

'ಯೇ ಜೋ ಹೈ ಜಿಂದಗೀ' ಧಾರಾವಾಹಿಯನ್ನು ನಾನು ಹೀಗೆ ಪೂರ್ತಿ ಕೇಳಿದ್ದೇನೆ. ಕೇಳಿದ್ದು ಸಂಭಾಷಣೆಯನ್ನಲ್ಲ, ಕೆಳಗಿನ ನಗುವನ್ನು. ಕ್ರಮೇಣ ನಗುವಿನಲ್ಲೇ ಕಥೆ ಹಿಡಿಯುವುದನ್ನು ಕಲಿತೆ. ಅಮ್ಮ ಒಬ್ಬಳೇ ನಕ್ಕರೆ ಶಫಿ ಇನಾಮ್‌ದಾರ್ ಮತ್ತು ಸ್ವರೂಪ್ ಸಂಪತ್ ದಂಪತಿಯ ಕಿತ್ತಾಟ ನಡೆದಿದೆ ಎಂದು ಅರ್ಥ. ಅಣ್ಣ ನಕ್ಕರೆ ರಾಕೇಶ್ ಬೇಡಿ ಏನೋ ಎಡವಟ್ಟು ಮಾಡಿದ್ದಾರೆ. ಅಜ್ಜಿಯ ನಗು ಕೇಳಿದರೆ ಸತೀಶ್ ಶಾ ಬಂದರು.

ಸತೀಶ್ ಶಾ ಆ ಧಾರಾವಾಹಿಯಲ್ಲಿ ಪ್ರತಿ ಕಂತಿಗೂ ಹೊಸ ಪಾತ್ರ ಮಾಡುತ್ತಿದ್ದರು. ಹೀಗೆ 50ಕ್ಕೂ ಹೆಚ್ಚು ಪಾತ್ರಗಳು. ಹಿಂದಿಯ ಒಂದು ಅಕ್ಷರವೂ ಬಾರದ ನಮ್ಮ ಅಜ್ಜಿಗೆ ಇದು ಗೊತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಅವರು ಒಬ್ಬನೇ ಮನುಷ್ಯ, ಯಾವ ಕೆಲಸದಲ್ಲೂ ಒಂದು ವಾರಕ್ಕಿಂತ ಹೆಚ್ಚು ನಿಲ್ಲದ ನತದೃಷ್ಟ. "ಪಾಪ, ಹೋದ ವಾರದ ಕೆಲಸವೂ ಹೋಯಿತು ಕಾಣುತ್ತದೆ. ಇವತ್ತು ಬೇರೆ ವೇಷ ಹಾಕಿಕೊಂಡು ಬಂದಿದ್ದಾನೆ" ಎಂದು ಲೊಚಗುಟ್ಟುತ್ತಿದ್ದಳು. ಬಟ್ಟೆ, ಮೀಸೆ, ಮಾತಿನ ಧಾಟಿ ಎಲ್ಲ ಬದಲಾದರೂ ಅವಳು ಮೋಸಹೋಗುತ್ತಿರಲಿಲ್ಲ. ಒಬ್ಬ ನಟನಿಗೆ ಇದಕ್ಕಿಂತ ದೊಡ್ಡ ಅವಮಾನವೂ ಇಲ್ಲ, ಇದಕ್ಕಿಂತ ದೊಡ್ಡ ಅಭಿಮಾನವೂ ಇಲ್ಲ.

ಪ್ರಸಾರ ಮುಗಿದ ಮೇಲೆ ನಾನು ಇಳಿದು ಬಂದು ಕಥೆ ಕೇಳುತ್ತಿದ್ದೆ. ಅಣ್ಣ "ಚೆನ್ನಾಗಿತ್ತು" ಎಂದು ಮಲಗಿಬಿಡುತ್ತಿದ್ದ. ಅಜ್ಜಿ ಮಾತ್ರ ಅಭಿನಯಿಸಿ ತೋರಿಸುತ್ತಿದ್ದಳು. ಅವುಗಳಲ್ಲಿ ಒಂದು ದೃಶ್ಯ ಇವತ್ತಿಗೂ ನನ್ನ ಕಣ್ಣಮುಂದಿದೆ. ಬಾಡಿಗೆ ಕೇಳಲು ಬಂದವನನ್ನು ಸತೀಶ್ ಶಾ ದೊಡ್ಡ ಪೆಟ್ಟಿಗೆಯೊಳಗೆ ಕೂರಿಸಿ, ಬೀಗ ಜಡಿದು, ಬೀಗದಕೈಯನ್ನು ಪೆಟ್ಟಿಗೆಯೊಳಗೇ ಹಾಕಿಬಿಡುತ್ತಾರೆ. ಬೀಗ ಹಾಕಿದ ಮೇಲೆ ಒಳಗೆ ಹೇಗೆ ಹಾಕಿದರು ಎಂದು ಕೇಳಿದರೆ ಅಜ್ಜಿ, "ಅದೇ ಅಲ್ಲವೇನೋ ತಮಾಷೆ?" ಎಂದು ಎಲೆಅಡಿಕೆ ಡಬ್ಬಿಯ ಮುಚ್ಚಳವನ್ನು ಟಪ್ಪೆಂದು ಮುಚ್ಚುತ್ತಿದ್ದಳು. ಆ ಡಬ್ಬಿಯೇ ಪೆಟ್ಟಿಗೆ, ಅಡಿಕೆ ಹೋಳು ಬಾಡಿಗೆಯವನು.

ಅಪ್ಪನ ರುಚಿ ಬೇರೆ. ಅವರು ನೋಡುತ್ತಿದ್ದದ್ದು 1988ರಲ್ಲಿ ಬಂದ 'ವಾಗ್ಲೆ ಕೀ ದುನಿಯಾ' ಒಂದೇ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಕಲ್ಪಿಸಿದ ಸಂಸಾರಸ್ಥ ಗುಮಾಸ್ತ, ಅಂಜನ್ ಶ್ರೀವಾಸ್ತವ್ ಅದರಲ್ಲಿ ವಾಗ್ಲೆ. ಅಷ್ಟರಲ್ಲಿ ಹೊಸ ಆಂಟೆನಾ ಬಂದಿದ್ದರಿಂದ ನಾನೂ ನೆಲದ ಮೇಲಿದ್ದೆ. ಎಲ್ಲರೂ ನಗುತ್ತಿದ್ದರೆ ಅಪ್ಪ ಗಂಭೀರವಾಗಿ ಕೂತಿರುತ್ತಿದ್ದರು. "ನಗುವುದಕ್ಕೆ ಇದರಲ್ಲೇನಿದೆ? ಆ ಮನುಷ್ಯನಿಗೆ ನಿಜವಾಗಿಯೂ ಕಷ್ಟ ಇದೆ" ಎನ್ನುತ್ತಿದ್ದರು. ಅವರೂ ಗುಮಾಸ್ತರೇ.

ಕನ್ನಡದಲ್ಲಿ ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸಿನಿಮಾದ ನಾಯಕನಿಗೆ ಅಭಿಮಾನಿಗಳು ಬಿರುದು ಕೊಡುತ್ತಾರೆ. ಕಿರುತೆರೆಯಲ್ಲಿ ನಗಿಸಿದವರಿಗೆ ಧಾರಾವಾಹಿಯ ಹೆಸರನ್ನೇ ಅಂಟಿಸಿಬಿಡುತ್ತೇವೆ. 'ಸಿಹಿಕಹಿ' ಮುಗಿದು ಎಷ್ಟೋ ದಶಕಗಳಾದರೂ ಚಂದ್ರು ಸಿಹಿಕಹಿ ಚಂದ್ರುವೇ, ಗೀತಾ ಸಿಹಿಕಹಿ ಗೀತಾ ಅವರೇ. ನಿಜ ಜೀವನದಲ್ಲೂ ಅವರು ದಂಪತಿ. ಆ ಮನೆಗೆ ಬರುವ ಲಗ್ನಪತ್ರಿಕೆಗಳ ಮೇಲೆ ವಿಳಾಸ ಹೇಗೆ ಬರೆದಿರುತ್ತಾರೋ ಎಂದು ನಾನು ಯೋಚಿಸಿದ್ದುಂಟು. 'ಪಾಪ ಪಾಂಡು'ವಿನ ಚಿದಾನಂದ್ ಅವರನ್ನು ಎಲ್ಲಾದರೂ ಎದುರಿಗೆ ಕಂಡರೆ ನಾನು "ಪಾಂಡು" ಎಂದೇ ಕರೆದುಬಿಡುವುದು ಖಂಡಿತ.

ಇಂಥ ಗೊಂದಲಕ್ಕೆ ನಾನು ದಂಡ ತೆತ್ತಿದ್ದೇನೆ. ಈಟಿವಿ ಕನ್ನಡದಲ್ಲಿ 'ಸಿಲ್ಲಿ ಲಲ್ಲಿ' ಬರುತ್ತಿದ್ದ ದಿನಗಳು. ರವಿಶಂಕರ್ ಗೌಡ ಅವರ ಡಾಕ್ಟರ್ ವಿಠಲ್ ರಾವ್ ಪಾತ್ರವನ್ನು ಕಣ್ತುಂಬ ನೋಡಿ, ಮರುದಿನವೇ ಹಲ್ಲು ಕೀಳಿಸಿಕೊಳ್ಳಲು ಹೋದೆ. ಹೋಗಬಾರದಿತ್ತು. ದಂತವೈದ್ಯರು ಮುಖಗವಸು ಹಾಕಿಕೊಂಡು, ಸೂಜಿ ಎತ್ತಿ ಹಿಡಿದು, ಕನ್ನಡಕದ ಮೇಲಿಂದ ನೋಡಿದರು. ನನ್ನ ಹೊಟ್ಟೆಯೊಳಗಿಂದ ವಿಠಲ್ ರಾವ್ ಎದ್ದುಬಂದರು. ಬಾಯಿ ಅಗಲಿಸಿಕೊಂಡು ನಗುವುದು ಮನುಷ್ಯನಿಗೆ ಸಾಧ್ಯವಾದ ಕ್ರಿಯೆಯಲ್ಲ. ಹೊರಟ ಸದ್ದು ಕುದುರೆಯದು. ವೈದ್ಯರು ಬೆಚ್ಚಿದರು, ಸೂಜಿ ಜಾರಿತು, ಅರಿವಳಿಕೆ ಒಸಡಿನ ಬದಲು ಕೆಳತುಟಿಗೆ ಸೇರಿತು. ಸಂಜೆಯವರೆಗೆ ಕಾಫಿ ಕುಡಿದರೆ ಅಂಗಿಗೆ ಹೋಗುತ್ತಿತ್ತು. ಹಲ್ಲು ಇನ್ನೂ ಇದೆ.

2025ರ ಅಕ್ಟೋಬರಿನಲ್ಲಿ ಸತೀಶ್ ಶಾ ತೀರಿಕೊಂಡ ಸುದ್ದಿ ಬಂತು. ಅಜ್ಜಿ ಹೋಗಿ ಬಹಳ ವರ್ಷಗಳಾಗಿವೆ. ಇದ್ದಿದ್ದರೆ ಈ ಕೆಲಸವಾದರೂ ಗಟ್ಟಿಯಾಗಿ ನಿಲ್ಲಲಿ ಎನ್ನುತ್ತಿದ್ದಳೇನೋ. ಆ ರಾತ್ರಿ ಮೊಬೈಲಿನಲ್ಲಿ ಹಳೆಯ ಕಂತುಗಳನ್ನು ಹುಡುಕಿ, ಮೊದಲ ಬಾರಿಗೆ ತಾರಸಿಯಿಂದ ಇಳಿದು ನೋಡತೊಡಗಿದೆ. ಚೆನ್ನಾಗಿಯೇ ಇದ್ದವು. ಆದರೆ ನಾನು ಹುಡುಕುತ್ತಿದ್ದದ್ದು ಪೆಟ್ಟಿಗೆಯ ದೃಶ್ಯ. ಸಿಕ್ಕಿದ ಕಂತುಗಳಲ್ಲಿ ಎಲ್ಲೂ ಬಾಡಿಗೆಯವನಿಲ್ಲ, ಬೀಗವಿಲ್ಲ, ಬೀಗದಕೈಯೂ ಇಲ್ಲ. ಹಿಂದಿ ಬಾರದ ಅಜ್ಜಿ ಕಿವಿಯನ್ನು ಪಕ್ಕಕ್ಕಿಟ್ಟು, ಕಣ್ಣಿಗೆ ಬಿದ್ದಷ್ಟನ್ನು ಹಿಡಿದು ಉಳಿದ ಕಥೆಯನ್ನು ತಾನೇ ಹೆಣೆದಿದ್ದಳು ಎಂಬ ಗುಮಾನಿ ಬಂತು. ಹಾಗಾದರೆ ಇಷ್ಟು ವರ್ಷ ನಾನು ಯಾರ ಅಭಿಮಾನಿಯಾಗಿದ್ದೆ?

ಕಳೆದ ಭಾನುವಾರ ಹೆಂಡತಿ, ಮಗಳನ್ನು ಕೂರಿಸಿಕೊಂಡು ಉಳಿದ ಕಂತುಗಳನ್ನು ದೊಡ್ಡ ಟಿವಿಯಲ್ಲಿ ನೋಡುವುದೆಂದು ತೀರ್ಮಾನವಾಯಿತು. ಅದೇ ಹೊತ್ತಿಗೆ ರಸ್ತೆ ಅಗೆಯುವವರು ಇಂಟರ್ನೆಟ್ ತಂತಿ ಕತ್ತರಿಸಿದರು. ಮೊಬೈಲಿನ ಸಂಪರ್ಕ ಕೊಡೋಣವೆಂದರೆ ಮನೆಯೊಳಗೆ ಸಿಗ್ನಲ್ ಇಲ್ಲ. ನಾನು ಮೊಬೈಲ್ ಹಿಡಿದು ಮೆಟ್ಟಿಲು ಹತ್ತುತ್ತಾ ಹೋದೆ. ಹಜಾರದ ಗವಾಕ್ಷಿಯ ಪಕ್ಕ, ತಾರಸಿಯ ಮೂಲೆಯಲ್ಲಿ ನಿಂತು ಕೈ ಮೇಲೆತ್ತಿದೆ.

"ಬಂತು ಅಪ್ಪಾ, ಬಂತು! ಅಲುಗಾಡಬೇಡಿ!" ಮಗಳು ಕೂಗಿದಳು.

ಸ್ವಲ್ಪ ಹೊತ್ತಿಗೆ ಕೆಳಗೆ ನಗು ಶುರುವಾಯಿತು. ಮೊದಲು ಹೆಂಡತಿಯದು, ಆಮೇಲೆ ಮಗಳದು. ಬಲತೋಳು ನೋಯತೊಡಗಿತ್ತು.

"ಯಾರು ಬಂದರು?" ಎಂದು ಗವಾಕ್ಷಿಯಿಂದ ಕೇಳಿದೆ.

"ಯಾರೋ ದಪ್ಪ ಮನುಷ್ಯ. ಕೈಯಲ್ಲಿ ಏನೋ ಪೆಟ್ಟಿಗೆಯ ಹಾಗಿದೆ" ಎಂದಳು ಹೆಂಡತಿ.

"ಬೀಗದಕೈ! ಬೀಗದಕೈ ಎಲ್ಲಿ ಹಾಕಿದರು ನೋಡು!" ಎಂದು ಕಿರುಚಿದೆ, ಕೈ ಇಳಿಸದೆ.